ಮುಂದಿನದು ಬೇರೆ, ಹಿಂದಿನದು ಬೇರೆ

“ಅಮ್ಮ, ಎರಡೂ ಟೈರ್ ಒಂದೇ ಎತ್ತರ ಇದೆಯಲ್ಲ. ಹೊಸದು ಯಾಕೆ ಆಗಲ್ಲ?”

ಪಟಾಕಿ ಕೇಳಿದಳು. ಅಮ್ಮ ನೀಲಿ ಕಾರಿನ ಹಿಂದಿನ ಚಕ್ರದಿಂದ ಬಿಚ್ಚಿದ ಹಳೆಯ ಟೈರನ್ನು ಹೊಸ ಟೈರಿನ ಪಕ್ಕ ಮಲಗಿಸಿದಳು. ಹೊಸದು ಎರಡು ಬೆರಳಿನಷ್ಟು ತೆಳ್ಳಗಿತ್ತು.

ಪಟಾಕಿಗೆ ಹತ್ತು ವರ್ಷ. ಮಾತು, ಓಟ, ಹೋಮ್‌ವರ್ಕ್ ಎಲ್ಲದರಲ್ಲೂ ಗಡಿಬಿಡಿ ಎಂದು ಮನೆಯವರು ಇಟ್ಟ ಹೆಸರು ಅದು. ಶಾಲೆ ಬಿಟ್ಟ ಮೇಲೆ ಅಮ್ಮನ ಟೈರ್ ಅಂಗಡಿಯಲ್ಲಿ ಅವಳದೇ ಕಾರುಬಾರು.

ಅಮ್ಮ ಟೈರುಗಳ ಮೇಲಿನ ಉಬ್ಬು ಅಂಕಿಗಳನ್ನು ಬೆರಳಿನಿಂದ ಸವರಿದಳು. ಹೊಸದರಲ್ಲಿ 255/35 R20. ಹಳೆಯದರಲ್ಲಿ 295/30 R20.

“ಮೊದಲನೇ ನಂಬರ್ ಅಗಲ,” ಎಂದಳು. “ಈ ಕಾರಲ್ಲಿ ಎಂಜಿನ್ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ ಹೋಗುತ್ತೆ. ರಸ್ತೆ ಗಟ್ಟಿಯಾಗಿ ಹಿಡ್ಕೊಳ್ಳಲಿ ಅಂತ ಹಿಂದೆ ಅಗಲದ ಟೈರ್ ಹಾಕಿರ್ತಾರೆ. ನೀನು ನಾಲ್ಕೂ ನೋಡಿ ಬರ್ಕೊಂಡೆ ಅಲ್ವಾ?”

ಪಟಾಕಿ ಬಗ್ಗಿ ಹಳೆಯ ಟೈರಿನ ಅಂಕಿಗಳನ್ನು ಮತ್ತೆ ಓದಿದಳು.

ಸೋಮವಾರ ಅಮ್ಮ ಒಂದು ವ್ಯಾನಿನ ಚಕ್ರ ಬಿಚ್ಚುತ್ತಿದ್ದಳು. ನೀಲಿ ಕಾರಿನ ನಾಲ್ಕೂ ಟೈರಿನ ನಂಬರ್ ಬರೆದುಕೊಂಡು ಬಾ ಎಂದಿದ್ದಳು. ಪಟಾಕಿ ಮುಂದಿನದೊಂದನ್ನು ನೋಡಿ, ಅದನ್ನೇ ನಾಲ್ಕು ಸಲ ಬರೆದಿದ್ದಳು. ಅವಳ ಸೈಕಲ್ಲಿಗೆ ಎರಡೂ ಒಂದೇ ಅಳತೆ. ಕಾರಿಗೆ ಬೇರೆ ಬೇರೆ ಇರುತ್ತದೆ ಎಂದು ಯಾರು ಕಂಡಿದ್ದರು?

“ಒಂದೇ ನೋಡಿದ್ದು,” ಎಂದಳು.

ಅಷ್ಟರಲ್ಲಿ ಕಾರಿನ ಡ್ರೈವರ್ ಮಾವ ಬಂದ. ದೊಡ್ಡ ಶೋರೂಮ್ ಬೇಡ, ಅಕ್ಕನ ಅಂಗಡಿಯಲ್ಲೇ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಕಾರಿನ ಯಜಮಾನರನ್ನು ಒಪ್ಪಿಸಿದವನು ಅವನೇ. ವಿಷಯ ಕೇಳಿ ಅವನ ಮುಖ ಇಳಿದುಹೋಯಿತು.

“ಬೆಳಿಗ್ಗೆ ಯಜಮಾನರು ದೂರ ಹೋಗಬೇಕು ಅಕ್ಕ. ಹಳೇವು ಸವೆದು ನುಣ್ಣಗಾಗಿವೆ. ಎತ್ತರ ಸರಿಯಾಗೇ ಇದೆಯಲ್ಲ, ಇವನ್ನೇ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ?”

“ತಿರುವಲ್ಲಿ ಕಾರಿನ ಹಿಂಭಾಗ ಜಾರಿದ್ರೆ? ಒಳಗೆ ಕೂತಿರೋನು ನೀನೇ ಕಣಪ್ಪ,” ಎಂದಳು ಅಮ್ಮ. “ಅವರಿಗೆ ಫೋನ್ ಮಾಡಿಕೊಡು. ನಾನೇ ಮಾತಾಡ್ತೀನಿ.”

ಪಟಾಕಿ ಟೈರುಗಳ ಸಾಲಿನ ಹಿಂದೆ ಸರಿದು ನಿಂತಳು.

“ಸಾರ್, ಟೈರ್ ಅಂಗಡಿಯಿಂದ. ಹಿಂದಿನ ಟೈರಿಗೆ ತಪ್ಪು ಅಳತೆ ತರಿಸಿದ್ದೀನಿ. ತಪ್ಪು ನಂದು, ನಿಮ್ಮ ಡ್ರೈವರದ್ದೇನೂ ಇಲ್ಲ. ಸರಿಯಾದದ್ದು ನಾಳೆ ಮಧ್ಯಾಹ್ನ ಬರುತ್ತೆ.”

ಆ ಕಡೆಯ ದನಿ ಜೋರಾಯಿತು. ಅಮ್ಮ “ಹೌದು ಸಾರ್” ಎಂದಳು. ಮತ್ತೆ “ಹೌದು ಸಾರ್” ಎಂದಳು. ಈಗ ‘ನನ್ನ ಮಗಳು’ ಎನ್ನುತ್ತಾಳೆ, ಇನ್ನೇನು ಅಂದೇಬಿಡುತ್ತಾಳೆ ಎಂದು ಪಟಾಕಿ ಕಾದಳು. ಆ ಮಾತು ಬರಲೇ ಇಲ್ಲ.

“ಏನಂದ್ರು?” ಎಂದ ಡ್ರೈವರ್ ಮಾವ.

“ಚೆನ್ನಾಗಿ ಬೈದ್ರು. ನಾಳೆ ಬೇರೆ ಕಾರಲ್ಲಿ ಹೋಗ್ತಾರಂತೆ. ನಿನ್ನ ಮೇಲೇನೂ ಸಿಟ್ಟಿಲ್ಲ.”

ಅವನು ನಿಟ್ಟುಸಿರುಬಿಟ್ಟ. ಪಟಾಕಿ ಈಚೆ ಬಂದಳು.

“ಮಾವ, ನಂಬರ್ ತಪ್ಪು ಬರೆದಿದ್ದು ನಾನು. ಅಮ್ಮ ಅಲ್ಲ.”

ಅವನು ಅಮ್ಮನ ಕಡೆ ನೋಡಿದ.

“ಬರೆದಿದ್ದು ಅವಳು,” ಎಂದಳು ಅಮ್ಮ. “ನೋಡ್ದೆ ಆರ್ಡರ್ ಹಾಕಿದ್ದು ನಾನು.”

“ತಾಯಿ ಮಗಳು ಸೇರಿ ನನ್ನ ಅರ್ಧ ಆಯಸ್ಸು ತಿಂದ್ರಿ,” ಎಂದು ನಗುತ್ತಾ ಅವನು ಹೊರಟ.

ಅವನು ರಸ್ತೆ ದಾಟುವವರೆಗೂ ಅಮ್ಮ ನಿಂತೇ ಇದ್ದಳು. ಆಮೇಲೆ ಟೈರೊಂದರ ಮೇಲೆ ಕುಳಿತು ನೀರಿನ ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಲಿಲ್ಲ. ಲಾರಿಯ ನಟ್ಟನ್ನೇ ಸಲೀಸಾಗಿ ಬಿಚ್ಚುವ ಕೈ ಎರಡು ಸಲ ಅದರ ಮೇಲೆ ಜಾರಿತು.

ಪಟಾಕಿ ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು ಕೊಟ್ಟಳು.

“ಹೆದರಿಕೆ ಆಗಿತ್ತಾ ಅಮ್ಮ?”

“ಹೂಂ. ಸ್ವಲ್ಪ.”

ಪಟಾಕಿ ಪಕ್ಕದಲ್ಲಿ ಅಂಟಿಕೊಂಡು ಕುಳಿತಳು. ಅಮ್ಮನ ತೋಳಿನ ಮಸಿ ಅವಳ ಬಿಳಿ ಯೂನಿಫಾರ್ಮಿಗೆ ಮೆತ್ತಿಕೊಂಡಿತು. ಅವಳು ಸರಿಯಲಿಲ್ಲ.