ಬೆಣ್ಣೆಯ ವಾಸನೆ

ಚೀಟಿಯಲ್ಲಿ ನಾನು ಬರೆದದ್ದು ಎರಡೇ ಮಾತು: "ಥಿಯೇಟರಿನ ಪಾಪ್‌ಕಾರ್ನ್."

ಮನೆಯಲ್ಲೇ ಬಿಯರ್ ಮಾಡುವವರ ನಮ್ಮ ಕ್ಲಬ್ಬಿನಲ್ಲಿ ಯಾವ ಗ್ಲಾಸು ಯಾರದೆಂದು ಹೇಳುವುದಿಲ್ಲ. ರುಚಿ ನೋಡಿ, ಚೀಟಿ ಬರೆದು, ಮಡಚಿಡಬೇಕು. ಆದರೆ ಆ ದಿನ ಉದ್ದನೆಯ ಮನುಷ್ಯನೊಬ್ಬ ಚೀಟಿ ಹಿಡಿದು ಮೇಜಿನಿಂದ ಮೇಜಿಗೆ ವಿಚಾರಿಸುತ್ತ ನನ್ನ ಮುಂದೆ ಬಂದು ನಿಂತ.

"ಇದು ಬೈಗುಳಾನಾ?"

"ಅಲ್ಲ. ಬೆಣ್ಣೆ ವಾಸನೆ ಇದೆ ಅಂತ."

ಗ್ಲಾಸು ಮೂಸಿದ. ಮತ್ತೆ ಮೂಸಿದ. ಕಿವಿ ಕೆಂಪಾಯಿತು. "ನನಗೆ ಬರಲ್ವಲ್ಲ."

ಬಿಯರಿಗೆ ಬೆಣ್ಣೆ ವಾಸನೆ ಒಂದು ದೋಷ; ಕೆಲವರಿಗೆ ಆ ಒಂದು ವಾಸನೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ನನಗೋ, ಹನ್ನೊಂದು ವರ್ಷದಿಂದ ಚೀಸ್ ಫ್ಯಾಕ್ಟರಿಯಲ್ಲಿ ಮೂಸಿ ನೋಡುವುದೇ ಕೆಲಸ. ಹಾಗಾದರೆ ಆ ಮೂಗಿರೋದು ಬರೀ ಕನ್ನಡಕ ನಿಲ್ಲಿಸೋಕಾ ಎಂದು ಕೇಳಿದೆ. ಅವನು ನಕ್ಕ. ನಕ್ಕಾಗ ಕನ್ನಡಕ ನಿಜವಾಗಿಯೂ ಜಾರಿತು, ಒಂದೇ ಬೆರಳಿನಿಂದ ಮೇಲೆ ತಳ್ಳಿದ. ಆ ಬೆರಳಿಗೆ ನಾನು ಸೋತೆ ಎಂದರೆ ಯಾರೂ ನಂಬುವುದಿಲ್ಲ.

ಅವನ ಹೆಸರು ಲೈಲ್, ಸ್ಕೂಲ್ ಬಸ್ಸುಗಳ ಮೆಕ್ಯಾನಿಕ್. ಅವನ ಅಪ್ಪ ಎಲ್ಮರ್ ನಮ್ಮೂರಿನ ಬಿಯರ್ ಬ್ರೂವರಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಬ್ರೂವರಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಲ್ಲಿನ ತಿಳಿ ಹಳದಿಯ ತೆಳು ಲಾಗರ್ ಈಗ ಎಲ್ಲೂ ಸಿಗದು. ಗಂಟಲಿನ ಕ್ಯಾನ್ಸರ್ ಬಂದ ಮೇಲೆ ಎಲ್ಮರ್ ಬಯಸಿದ್ದು ಅದೇ ಬಿಯರಿನ ಒಂದು ಗ್ಲಾಸು. ಅದನ್ನು ಗ್ಯಾರೇಜಿನಲ್ಲಿ ಮಾಡಿ ಕೊಡಲು ಮಗ ಹೊರಟಿದ್ದ. ಆದರೆ ಅರೆಬರೆಯಾದದ್ದನ್ನು ಅಂಥ ನಾಲಿಗೆಯ ಮುಂದೆ ಇಡಲಾರ.

"ರೋಂಡಾ, ನೀನು ಸರಿ ಇದೆ ಅಂದ ದಿನ ಕೊಡ್ತೀನಿ," ಎಂದ.

ಕಪ್ಪು ಬಿಯರಿನಲ್ಲಿ ಎಂಥ ತಪ್ಪನ್ನೂ ಬಚ್ಚಿಡಬಹುದು. ತೆಳು ಲಾಗರಿನಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಶನಿವಾರಗಳಲ್ಲಿ ಅವನ ಗ್ಯಾರೇಜಿಗೆ ಹೋಗತೊಡಗಿದೆ. ಬಾರ್ಲಿ ಕಡಿಮೆ ಮಾಡಿ ಅಕ್ಕಿ ಸೇರಿಸಿದೆವು. ಗಂಜಿ ತಿರುವುತ್ತಿದ್ದರೆ ಹಬೆಗೆ ಅವನ ಕನ್ನಡಕ ಮಸುಕಾಗುವುದು, ನನ್ನ ಸ್ಕಾರ್ಫಿನ ತುದಿ ಹಿಡಿದು ಕೇಳದೆಯೇ ಒರೆಸಿಕೊಳ್ಳುವನು. ಯೀಸ್ಟಿನ ಕೆಲಸ ಮುಗಿಯುವ ಹೊತ್ತಿಗೆ ಬಿಯರನ್ನು ಮೂರು ದಿನ ಬೆಚ್ಚಗಿಡಬೇಕು. ಆಗ ಯೀಸ್ಟೇ ಬೆಣ್ಣೆಯ ವಾಸನೆಯನ್ನು ತಿಂದುಹಾಕುತ್ತದೆ. ಆಮೇಲೆ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ. ಒಂದು ಸಲಕ್ಕೆ ಎರಡು ತಿಂಗಳು.

ಜನವರಿಯ ಮೊದಲ ಶನಿವಾರ ಲೈಲ್ ಈ ಎರಡನೆಯ ಸಲದ ಬಾಟಲಿ ತೆರೆದ. ನಾನು ಮೂಸುವಾಗ ಅವನು ಗ್ಲಾಸು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ನನ್ನ ಮೂಗಿನ ಹೊಳ್ಳೆ ಅಲುಗಿದರೆ ಅವನ ಉಸಿರು ನಿಲ್ಲುತ್ತಿತ್ತು. ಹಾಗೆ ನನ್ನನ್ನು ಯಾರೂ ನೋಡಿರಲಿಲ್ಲ.

ಬಿಯರ್ ಶುದ್ಧವಾಗಿತ್ತು. ನಾಲಿಗೆಯ ಮೇಲೆ ಅಕ್ಕಿಯ ಎಳೆ ಸಿಹಿ ಒಂದು ಕ್ಷಣ ನಿಂತು ಹೊರಟುಹೋಯಿತು.

ಸರಿ ಇದೆ ಎಂದುಬಿಟ್ಟರೆ ಮುಂದಿನ ಶನಿವಾರ ನಾನು ಇಲ್ಲಿಗೆ ಯಾಕೆ ಬರಬೇಕು? ರಿಪೇರಿ ಮುಗಿದರೆ ಮೆಕ್ಯಾನಿಕ್ ಕೈ ಒರೆಸಿಕೊಂಡು ಹೋಗುತ್ತಾನೆ. ಎಲ್ಮರ್‌ಗೆ ಏಪ್ರಿಲ್‌ನ ಈಸ್ಟರ್ ಹಬ್ಬದವರೆಗೆ ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಇನ್ನೊಂದು ಸಲಕ್ಕೆ ಬೇಕಾದಷ್ಟು ವಾರಗಳಿದ್ದವು. ಮೇಜಿನ ಕೆಳಗೆ ಬೆರಳು ಮಡಚಿ ಎಣಿಸಿಯೇ ಹೇಳಿದೆ.

"ಸ್ವಲ್ಪ ಬೆಣ್ಣೆ ಇದೆ."

ಅವನು ಕನ್ನಡಕ ಮೇಲೆ ತಳ್ಳಿದ. "ಸರಿ ಬಿಡು. ಶನಿವಾರ ಬರ್ತೀಯಲ್ಲ?"

ಮೂರನೆಯ ಸಲದ ಬಿಯರ್ ಇಟ್ಟು ಮೂರು ವಾರವಾಗಿತ್ತು. ಎಲ್ಮರ್‌ಗೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ, ಅಷ್ಟೇ.

ಅಂತ್ಯಕ್ರಿಯೆಯ ಊಟಕ್ಕೆ ಚರ್ಚಿನ ಹಾಲಿಗೆ ಲೈಲ್ ಆ ಜನವರಿಯ ಬಾಟಲಿಗಳನ್ನೇ ತಂದಿದ್ದ. ಹಾಳಾದದ್ದೇ ಇರಲಿ, ಅಪ್ಪನ ಗೆಳೆಯರು ಬೈದುಕೊಂಡೇ ಕುಡೀಲಿ ಎಂದ. ಬ್ರೂವರಿಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದ ಮುದುಕ ಹಾರ್ವಿ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ಲೈಲ್ ಕಡೆ ತಿರುಗಿದರು.

"ಎಲ್ಮರ್‌ಗೆ ಇದನ್ನ ಕೊಟ್ಯಾ, ಮರಿ?"

"ಇಲ್ಲ ಅಂಕಲ್. ಬೆಣ್ಣೆ ವಾಸನೆ ಇದೆಯಲ್ಲ."

"ಯಾವ ಮೂಗು ಹೇಳಿತೋ ಹಾಗಂತ?"

ನಾನು ಹ್ಯಾಮ್ ಇಟ್ಟ ಬನ್ನುಗಳನ್ನು ತಟ್ಟೆಗೆ ಜೋಡಿಸುತ್ತಿದ್ದೆ. ಲೈಲ್ ಬಂದು ಪಕ್ಕದಲ್ಲಿ ನಿಂತ. ದನಿ ಏರಿಸಲಿಲ್ಲ.

"ಇತ್ತಾ?"

"ಇರಲಿಲ್ಲ."

"ಮತ್ತೆ?"

"ಶನಿವಾರಗಳು ನಿಂತುಹೋಗ್ತವೆ ಅಂತ."

ಅವನು ಒಂದು ಬನ್ನು ಎತ್ತಿಕೊಂಡು ಮತ್ತೆ ಅಲ್ಲೇ ಇಟ್ಟ. ಆಸ್ಪತ್ರೆಯಲ್ಲೂ ಅಪ್ಪ ಕೇಳುತ್ತಿದ್ದರಂತೆ, ನಿನ್ನ ಮೂಗಿನ ಹುಡುಗಿ ಪಾಸು ಮಾಡಿದ್ಲಾ ಅಂತ.

"ಬಿಯರ್ ಸರಿಯಾದ ದಿನ ನಿನ್ನನ್ನೂ ಕರ್ಕೊಂಡು ಹೋಗ್ಬೇಕು ಅಂತಿದ್ದೆ," ಎಂದ. "ಗ್ಲಾಸು ಅವರ ಕೈಗೆ ಕೊಟ್ಟು, ಅಪ್ಪ, ಇವಳೇ ಅಂತ ಹೇಳೋಕೆ."

ಆಮೇಲಿನ ಶನಿವಾರಗಳನ್ನು ಹೇಗೆ ಕಳೆದೆನೋ ಗೊತ್ತಿಲ್ಲ. ಕೆರೆಯ ಹಿಮ ಕರಗಿತು, ಈಸ್ಟರ್ ಬಂದು ಹೋಯಿತು. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಲೈಲ್. ಕೈಯಲ್ಲಿ ಮೂರನೆಯ ಸಲದ ಬಾಟಲಿ.

"ಬರಬಾರದು ಅಂತಲೇ ಇದ್ದೆ," ಎಂದ. ಒಳಗೆ ಬಾ ಎಂದೆ, ಬರಲಿಲ್ಲ. ಮೆಟ್ಟಿಲ ಮೇಲೇ, ನಾನು ತಂದ ಗ್ಲಾಸಿಗೆ ಬಗ್ಗಿಸಿ ಕೊಟ್ಟ. ನಾನು ಮೂಸಿದೆ. ಅವನು ನನ್ನ ಮುಖ ನೋಡಿದ, ಹಿಂದಿನ ಹಾಗೆಯೇ.

ಗ್ಲಾಸಿನ ತುಂಬ ಪಾಪ್‌ಕಾರ್ನ್. ಬೆಚ್ಚಗಿಡಬೇಕಾಗಿದ್ದದ್ದು ಆಸ್ಪತ್ರೆಯ ಆ ನಾಲ್ಕು ದಿನಗಳಲ್ಲೇ; ಆಗ ಗ್ಯಾರೇಜಿಗೆ ಹೋಗುವವರು ಯಾರಿದ್ದರು?

"ಬೆಣ್ಣೆ ಇದೆ, ಲೈಲ್," ಎಂದೆ. "ಈ ಸಲ ನಿಜವಾಗ್ಲೂ ಇದೆ."

ಅವನು ಗ್ಲಾಸು ಇಸಿದುಕೊಂಡು ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. ಕಿವಿ ಕೆಂಪಾಯಿತು. ನನ್ನನ್ನು ನಂಬಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೋ ಅದೆಲ್ಲ ಆ ಮುಖದಲ್ಲಿ ಕಾಣುತ್ತಿತ್ತು.

"ಹಾರ್ವಿ ಅಂಕಲ್‌ನ ಒಂದು ಮಾತು ಕೇಳಿ ನೋಡ್ತೀನಿ," ಎಂದು ಗ್ಲಾಸನ್ನು ನನ್ನ ಕೈಗೆ ಕೊಟ್ಟು, ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಮೆಟ್ಟಿಲಿಳಿದು ಹೋದ.