ಪೆಟ್ಟಿಗೆ ಬಿಟ್ಟು ಹೋದ ಗಿಟಾರ್

"ಪೆಟ್ಟಿಗೆ ಬಿಟ್ಟು ಬರೀ ಗಿಟಾರ್ ಹೊತ್ಕೊಂಡು ಹೋಗೋ ಕಳ್ಳ ಎಲ್ಲಾದ್ರೂ ಇದ್ದಾನಾ?"

ಕ್ರೇಗ್ ಹಾಲ್‌ಸ್ಟೆಡ್ ಕೇಳಿದ್ದು ಠಾಣೆಯ ಗೋಡೆಯನ್ನು. 1994ರ ಜನವರಿ 11, ಮಂಗಳವಾರ, ಮಧ್ಯಾಹ್ನ. ಮೆಂಫಿಸ್ ನಗರದ ದಕ್ಷಿಣ ಭಾಗದ ಆ ಠಾಣೆಯಲ್ಲಿ ಹೀಟರ್ ಬೆಳಗಿನಿಂದ ಉರಿಯುತ್ತಿತ್ತು. ಎಲ್ಲರ ತುಟಿಯೂ ಒಣಗಿ ಬಿರಿದಿತ್ತು.

ಸಾರ್ಜೆಂಟ್ ಲೀಮನ್ ಪ್ರೂಯಿಟ್ ದೂರುದಾರನ ಮಾತು ಪೂರ್ತಿ ಮುಗಿಯುವವರೆಗೆ ಪೆನ್ನು ಮುಟ್ಟುವವನಲ್ಲ. ಅಜ್ಜಿ ಬೈಬಲ್ಲಿನ ಕೀರ್ತನೆಗಳನ್ನು ಬಾಯಿಪಾಠವಾಗಿ ಹೇಳುವಾಗ ಅವಳ ಕಾಲ ಬಳಿ ಅಲುಗಾಡದೆ ಕೂತು ಬೆಳೆದ ಮನುಷ್ಯ. ಕೇಳುವುದು ಅವನಿಗೆ ಅಲ್ಲಿಂದ ಬಂದ ಅಭ್ಯಾಸ.

ಹಾಲ್‌ಸ್ಟೆಡ್ ಹೇಳಿದ್ದು ಇಷ್ಟು. ಅವನದು ಹಳೆಯ ಗಿಟಾರ್‌ಗಳ ಅಂಗಡಿ. ಮಧ್ಯಾಹ್ನ ಊಟ ತರಲು ರಸ್ತೆ ದಾಟಿ ಹೋಗಿದ್ದ. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಬರೀ ಎಳೆದುಕೊಂಡಿದ್ದ. ಅರ್ಧ ಗಂಟೆಯಲ್ಲಿ ವಾಪಸ್ ಬಂದಾಗ 1957ರ ಒಂದು ಎಲೆಕ್ಟ್ರಿಕ್ ಗಿಟಾರ್ ಇರಲಿಲ್ಲ. ಒಳಗೆ ಟೊಳ್ಳಾದ ಅಗಲ ಹೊಟ್ಟೆ, ಪಿಟೀಲಿಗೆ ಇರುವಂಥ ಎರಡು ಕಿಂಡಿ, ಜೇನಿನ ಬಣ್ಣ.

"ಬೇರೇನು ಹೋಗಿದೆ?"

"ಏನೂ ಇಲ್ಲ. ಪಕ್ಕದಲ್ಲೇ ಅದಕ್ಕಿಂತ ದುಬಾರಿದು ನೇತಾಡ್ತಿತ್ತು. ಗಲ್ಲಾನೂ ಮುಟ್ಟಿಲ್ಲ."

ದೂರು ದಾಖಲಾಯಿತು. ಮೂರು ಗಂಟೆಯ ಹೊತ್ತಿಗೆ ಪ್ರೂಯಿಟ್, ಕಾನ್‌ಸ್ಟೇಬಲ್ ಡೆಲೋರಿಸ್ ವೇಡ್ ಜೊತೆ ಅಂಗಡಿಯಲ್ಲಿದ್ದ.

ಬಾಗಿಲು ಒಡೆದ ಗುರುತು ಇಲ್ಲ. ಗಿಟಾರ್‌ನ ಹಳೆಯ ಪೆಟ್ಟಿಗೆ ಬಾಯಿ ತೆರೆದುಕೊಂಡು ನೆಲದ ಮೇಲೆ ಬಿದ್ದಿತ್ತು. ಪ್ರೂಯಿಟ್ ಬಗ್ಗಿ ಮೂಸಿದ. ಒಳಗಿನ ಮಖಮಲ್ಲಿನಿಂದ ಕರ್ಪೂರ ಮತ್ತು ಹುಳಿ ಬೆರೆತ ಘಾಟು ಬಂತು. ಗಲ್ಲಾದ ಪಕ್ಕ ಮಡಿಸಿದ ಪತ್ರಿಕೆಯ ಮೇಲೆ ಒಂದು ಕಂದು ಪಟ್ಟಿ, ಜೊತೆಗೆ ಎರಡು ಸ್ಕ್ರೂ. ಉಗುರು ತಾಗಿ ಗಿಟಾರ್‌ನ ಮೈ ಗೀರದಿರಲೆಂದು ತಂತಿಗಳ ಕೆಳಗೆ ಕೂರಿಸುವ ಪಟ್ಟಿ ಅದು. ಅಂಚು ಪುಡಿಯಾಗಿ ಉದುರುತ್ತಿತ್ತು. ಘಾಟು ಅದರದೇ.

"ಇದನ್ನ ಬಿಚ್ಚಿದ್ದು ನೀವಾ?"

"ನಾನ್ಯಾಕೆ ಬಿಚ್ಲಿ? ಬಂದು ನೋಡಿದಾಗ ಹೀಗೇ ಇತ್ತು."

"ಅಂದ್ರೆ ಕಳ್ಳ ಇಲ್ಲಿ ನಿಂತು, ಸ್ಕ್ರೂ ಬಿಚ್ಚಿ, ಪೇಪರ್ ಹಾಸಿ ಇಟ್ಟು ಹೋದ."

"ಹಳೇ ಕಾಲದ ಪ್ಲಾಸ್ಟಿಕ್ ಅದು," ಎಂದ ಹಾಲ್‌ಸ್ಟೆಡ್, ಒಲ್ಲದ ಮನಸ್ಸಿನಿಂದ. "ಕೊಳೆಯೋಕೆ ಶುರುವಾದ್ರೆ ಆವಿ ಬಿಡುತ್ತೆ. ಕಬ್ಬಿಣಕ್ಕೆ ತುಕ್ಕು, ಮರಕ್ಕೆ ಕಲೆ. ಪೆಟ್ಟಿಗೆಗೂ ಆ ಘಾಟು ಹತ್ಕೊಂಡಿರುತ್ತೆ, ಗಿಟಾರ್ ಅದರಲ್ಲಿ ಇಡೋ ಹಾಗಿಲ್ಲ. ನಾನೇ ತೆಗಿಯೋನಿದ್ದೆ."

"ಯಾವಾಗ?"

ಹಾಲ್‌ಸ್ಟೆಡ್ ಪೆಟ್ಟಿಗೆಯ ಕಡೆ ತಿರುಗಿದ. ಆಮೇಲೆ ನೆನಪಾದಂತೆ ಹೇಳಿದ: "ಪೆಟ್ಟಿಗೇಲಿ ಒಂದು ತೂತು ಕೊರೆದ ಸಾಬೂನಿನ ಡಬ್ಬಿ ಇತ್ತು. ಅದರಲ್ಲಿ ಒದ್ದೆ ಸ್ಪಂಜು, ಚಳಿಗಾಲದಲ್ಲಿ ಮರ ಒಣಗಿ ಸೀಳದಿರಲಿ ಅಂತ. ಅದೂ ಇಲ್ಲ."

ವೇಡ್ ಅಷ್ಟರಲ್ಲಿ ಹಿಂದಿನ ಮೇಜಿನ ಬಳಿ ನಿಂತು ಕರೆದಳು. ಮೇಜಿನ ಮೇಲೆ ಉಪ್ಪುಕಾಗದ, ಮೆರುಗೆಣ್ಣೆಯ ಡಬ್ಬಿ, ಜೇನಿನ ಬಣ್ಣದ ನುಣ್ಣನೆಯ ಪುಡಿ.

"ಇದು ಆ ಗಿಟಾರ್‌ದಾ?"

"ಹೌದು. ಟಲ್ಸಾದ ಗಿರಾಕಿಗೆ ಹೊಸದರ ಹಾಗೆ ಮಿರಮಿರ ಮಿಂಚಬೇಕಂತೆ. ಬಲಗೈ ಒರಗೋ ಕಡೆ ಬಣ್ಣ ಪೂರ್ತಿ ಸವೆದು ಮರ ಕಾಣ್ತಿತ್ತು. ಅದನ್ನ ಉಜ್ಜಿ ತೆಗೆದು ಮೇಲೆ ಎಣ್ಣೆ ಹೊಡೆಯೋದು. ಬೆಳಿಗ್ಗೆ ಶುರು ಮಾಡಿದ್ದೆ ಅಷ್ಟೆ."

ಪ್ರೂಯಿಟ್ ಆ ಪುಡಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಯಾರೋ ಒಬ್ಬರ ತೋಳು ಎಷ್ಟೋ ವರ್ಷ ಒರಗಿ ಸವೆಸಿದ ಜಾಗ. ದೂರುದಾರನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಪೊಲೀಸರ ಕೆಲಸವಲ್ಲ. ಮಹಜರಿನಲ್ಲಿ ಅವನು 'ಮರದ ಪುಡಿ, ಒಂದು ಚಿಟಿಕೆ' ಎಂದು ಬರೆಸಿದ.

"ಎಲ್ಲಿಂದ ಕೊಂಡ್ರಿ?"

"ಇಲ್ಲೇ ಒಂದು ಚರ್ಚಿಂದ. ಪಾಸ್ಟರ್ ಟೆಲ್‌ಫೇರ್ ಮಾರಿದ್ರು. ರಸೀದಿ ಇದೆ, ಎಲ್ಲಾ ಸರಿಯಾಗೇ ಇದೆ."

ಎದುರಿನ ಕ್ಷೌರದಂಗಡಿಯವನ ಹೇಳಿಕೆಯನ್ನು ವೇಡ್ ಪಡೆದುಕೊಂಡಳು. ಮಧ್ಯಾಹ್ನ ಗಿಟಾರ್ ಅಂಗಡಿಯಿಂದ ನೀಲಿ ಟೋಪಿಯ ಒಬ್ಬ ಮುದುಕಿ ಹೊರಬಂದಿದ್ದಳು. ತೋಳಿನ ಮೇಲೆ ಉದ್ದನೆಯ ಚೀಲ, ಚರ್ಚಿನ ಹಾಡುಗಾರರು ನಿಲುವಂಗಿ ಹಾಕಿಡುವಂಥದ್ದು.

"ಚೀಲ ದಪ್ಪ ಇತ್ತಾ?"

"ಇತ್ತು. ಬಸ್ ಡ್ರೈವರ್ ಪಾಪ ಕೆಳಗಿಳಿದು ಬಂದು ಕೈಹಿಡಿದು ಹತ್ತಿಸ್ಕೊಂಡ."

"ನಿಂಗೆ ಅನುಮಾನ ಬರಲಿಲ್ವಾ?"

"ಬಂದ್ರೆ ಏನ್ ಮಾಡ್ಲಿ? ಚರ್ಚಿನ ಅಜ್ಜೀನ ರಸ್ತೇಲಿ ತಡೆದು ಚೀಲ ಬಿಚ್ಚು ಅನ್ಲಾ? ನಮ್ಮಮ್ಮ ಇನ್ನೂ ಬದುಕಿದಾಳೆ ಕಣಮ್ಮ. ನನ್ನನ್ನ ಇದೇ ಕುರ್ಚೀಲಿ ಕೂರಿಸಿ ಬೋಳಿಸ್ತಾಳೆ."

ಗುರುವಾರ ಬೆಳಿಗ್ಗೆ ಇಬ್ಬರೂ ಚರ್ಚಿಗೆ ಹೋದರು. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ಹೀಟರಿನ ಒಣ ಬಿಸಿ. ಪಾಸ್ಟರ್ ಮಾರ್ಕಸ್ ಟೆಲ್‌ಫೇರ್ ಹೊಸಬ, ಎರಡು ವರ್ಷದ ಹಿಂದೆ ಬಂದವನು. ವೇದಿಕೆಯ ಎರಡೂ ಕಡೆ ಆಳೆತ್ತರದ ಹೊಸ ಸ್ಪೀಕರುಗಳು ನಿಂತಿದ್ದವು.

"ಗಿಟಾರ್ ಮಾರಿ ಇವನ್ನ ತಂದ್ರಾ?"

"ಬೀರೂನಲ್ಲಿ ಸುಮ್ನೆ ಬಿದ್ದಿತ್ತು, ಸಾರ್ಜೆಂಟ್. ನಮ್ಮ ಚರ್ಚಿನ ಹಿರೀ ಹೆಂಗಸು ಮದರ್ ಕಾಬ್ ನುಡಿಸ್ತಿದ್ರು ಮೊದಲು. ಅರ್ಲೀನ್ ಕಾಬ್. ಈಗ ಅವರ ಬೆರಳು ಗಂಟು ಕಟ್ಟಿದೆ, ಒಂದೆರಡು ಹಾಡಿಗಿಂತ ಹೆಚ್ಚು ಆಗಲ್ಲ."

"ಅವರನ್ನ ಕೇಳಿ ಮಾರಿದ್ರಾ?"

"ಚರ್ಚಿನ ಆಸ್ತಿ ಅದು. ಒಬ್ಬೊಬ್ಬರನ್ನೂ ಕೇಳ್ತಾ ಕೂತ್ರೆ..."

"ನಾನು ಕೇಳಿದ್ದು ಒಬ್ಬರ ವಿಷಯ."

ಪಾಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಓಣಿಯಿಂದ ಬಕೆಟ್ ಸದ್ದು ಮಾಡುತ್ತ ಒಬ್ಬ ಮುದುಕ ನುಗ್ಗಿ ಬಂದ. ಚರ್ಚು ಗುಡಿಸುವ, ನೀರು ದೀಪ ನೋಡಿಕೊಳ್ಳುವ ಬ್ರದರ್ ರೂಫಸ್.

"ಪಾಸ್ಟರ್, ಇದನ್ನ ಯಾರು ಮಾಡ್ತಿರೋದು ಹೇಳಿಬಿಡಿ! ನಿನ್ನೆ ನೆಲಮಾಳಿಗೇಲಿ ನಲ್ಲಿ ತಿರುವಿ ಖಾಲಿ ಮಾಡ್ದೆ. ಇವತ್ತು ಮತ್ತೆ ಕತ್ತಿನವರೆಗೆ ತುಂಬಿದೆ. ನೀರಿನ ಬಿಲ್ ಬಂದಾಗ ನನ್ನ ಜುಟ್ಟು ಹಿಡೀತೀರಿ!"

"ಏನು ತುಂಬಿದೆ, ಬ್ರದರ್?" ಪ್ರೂಯಿಟ್ ಕೇಳಿದ.

"ದೀಕ್ಷಾಸ್ನಾನದ ತೊಟ್ಟಿ ಕಣಪ್ಪಾ. ಈಸ್ಟರ್‌ವರೆಗೂ ಯಾರನ್ನೂ ಮುಳುಗಿಸೋದಿಲ್ಲ. ಈ ಚಳೀಲಿ ಮುಳುಗಿದ್ರೆ ನೇರ ಸ್ವರ್ಗಕ್ಕೇ!"

ವೇಡ್ ನಕ್ಕಳು. ಪ್ರೂಯಿಟ್ ನಗಲಿಲ್ಲ. ಅವನೂ ಇಂಥದೇ ಒಂದು ತೊಟ್ಟಿಯಲ್ಲಿ ಹನ್ನೆರಡನೇ ವಯಸ್ಸಿನಲ್ಲಿ ಮುಳುಗಿ ಎದ್ದವನು. ಎಷ್ಟು ಚಳಿಯಿದ್ದರೂ ಗೋಡೆಗಳು ಬೆವರುವ ಆ ಪುಟ್ಟ ಕೋಣೆ ಅವನಿಗೆ ನೆನಪಿತ್ತು. ಹೀಟರಿನ ಒಣ ಬಿಸಿಗೆ ಮರ ಸೀಳದಿರಲೆಂದು ಒದ್ದೆ ಸ್ಪಂಜನ್ನೂ ಬಿಡದೆ ಒಯ್ದ ಕಳ್ಳನಿಗೆ ಇಡೀ ತೊಟ್ಟಿಯೇ ಒಂದು ಸ್ಪಂಜು. ಹೊರಗಿನವರಿಗೆ ಇದು ಹೊಳೆಯುತ್ತಿರಲಿಲ್ಲ. ಗಿಟಾರ್ ತಂದಿಟ್ಟವರು ಚರ್ಚಿನ ಒಳಗಿನವರಾದ್ದರಿಂದಲೇ, ರೂಫಸ್ ನೀರು ಬಿಡುವ ದಿನ ಬಿಟ್ಟು ಮಿಕ್ಕ ದಿನ ಅತ್ತ ಯಾರೂ ಸುಳಿಯುವುದಿಲ್ಲವೆಂದು ನಂಬಿದ್ದರು. ಖಾಲಿಯಿರಬೇಕಾದ ತೊಟ್ಟಿ ತುಂಬಿದ್ದೇ ಅವರನ್ನು ಹಿಡಿದುಕೊಟ್ಟಿತು.

ಪಾಸ್ಟರ್ ಶೋಧಿಸಲು ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೊಟ್ಟ. ತೊಟ್ಟಿಯ ಹಿಂದೆ ಬಟ್ಟೆ ಬದಲಿಸುವ ಜಾಗದಲ್ಲಿ, ಪರದೆಯ ಆಚೆ, ಒಂದು ಕುರ್ಚಿ. ಕುರ್ಚಿಯ ಮೇಲೆ ಬಿಳಿ ನಿಲುವಂಗಿ ಹಾಸಿ ಗಿಟಾರನ್ನು ಮಲಗಿಸಲಾಗಿತ್ತು. ತಂತಿಗಳನ್ನು ಕೊಂಚ ಸಡಿಲಿಸಲಾಗಿತ್ತು. ಗೋಡೆಯ ಮೊಳೆಗೆ ಗಾಳಿಯ ತೇವ ಅಳೆಯುವ, ಗಡಿಯಾರದಂಥ ಒಂದು ಮುಳ್ಳಿನ ಮಾಪಕ. ಗಿಟಾರ್‌ನ ಮೇಲಂಚಿನಲ್ಲಿ ಅಂಗೈಯಷ್ಟು ಜಾಗ ಉಪ್ಪುಕಾಗದಕ್ಕೆ ಸಿಕ್ಕಿ ಕೆರೆದುಹೋಗಿತ್ತು.

ಮಹಜರು ಬರೆಯುತ್ತಿರುವಾಗಲೇ ಬಾಗಿಲು ತೆರೆಯಿತು. ನೀಲಿ ಟೋಪಿ. ಕೈಯಲ್ಲಿ ಮಡಿಸಿದ ಒಣ ಬಟ್ಟೆ.

"ಬಾಗ್ಲು ಹಾಕ್ರೋ," ಎಂದಳು ಅರ್ಲೀನ್ ಕಾಬ್. "ಒಣಗಾಳಿ ನುಗ್ತಿದೆ."

ವೇಡ್ ಬಾಗಿಲು ಹಾಕಿದಳು.

"ಮದರ್ ಕಾಬ್, ಇದನ್ನ ಇಲ್ಲಿ ತಂದಿಟ್ಟಿದ್ದು ಯಾರು?" ಪ್ರೂಯಿಟ್ ಕೇಳಿದ.

"ನಾನೇ. ಇನ್ಯಾರು ತರ್ತಾರೆ, ಈ ಸ್ಪೀಕರ್ ಪಾಸ್ಟರ್ರಾ?"

"ಅಂಗಡಿಯವರ ಅನುಮತಿ ಇತ್ತಾ?"

"ನಮ್ಮದನ್ನ ಮಾರೋಕೆ ಇವನು ನನ್ನ ಅನುಮತಿ ಕೇಳಿದ್ನಾ?"

ಪ್ರೂಯಿಟ್ ಬಂಧಿತರಿಗಿರುವ ಹಕ್ಕುಗಳನ್ನು ಓದಿ ಹೇಳಿದ. ಆಕೆ ತಲೆಯಾಡಿಸುತ್ತ ಕೇಳಿ, ಮುಗಿದ ಮೇಲೆ "ಆಯ್ತಾ?" ಎಂದಳು. ಬಟ್ಟೆಯಿಂದ ಗಿಟಾರ್‌ನ ಕತ್ತು ಒರೆಸಲು ಬಗ್ಗಿದಾಗ ಅವನು ತಡೆಯಬೇಕಾಯಿತು. ಮುಟ್ಟುಗೋಲಾದ ವಸ್ತುವನ್ನು ಆರೋಪಿ ಮುಟ್ಟುವಂತಿಲ್ಲ. ಆ ಮಾತು ಹೇಳುವಾಗ ಅವನಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು.

"ನೀನೂ ಅದನ್ನೇ ಹೇಳು," ಎಂದಳು ಆಕೆ.

ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಆ ಮಾತಿನ ಅರ್ಥ ಹೊರಬಿತ್ತು. 1957ರಲ್ಲಿ ಚರ್ಚಿನ ಹೆಂಗಸರು ಶನಿವಾರ ಶನಿವಾರ ಮೀನು ಹುರಿದು, ತಟ್ಟೆಗಳಲ್ಲಿ ಮಾರಿ, ಒಂದೂವರೆ ವರ್ಷ ಕೂಡಿಟ್ಟು ಆ ಗಿಟಾರ್ ಕೊಂಡಿದ್ದರು. ಆಗ ಕೊಂಡ ಪೇಟೆಯ ಅಂಗಡಿಯಲ್ಲಿ ಕರಿಯರು ಹಿಂಬಾಗಿಲಲ್ಲಿ ನಿಲ್ಲಬೇಕಿತ್ತು. ಹತ್ತೊಂಬತ್ತರ ಅರ್ಲೀನ್ ದೂರದಿಂದಲೇ ಬೆರಳು ತೋರಿಸಿ ಆರಿಸಿದಳು. ಒಮ್ಮೆ ನುಡಿಸಿ ನೋಡಲೇ ಎಂದು ಕೇಳಿದಾಗ ಅಂಗಡಿಯವನು, ಕೊಂಡ ಮೇಲೆ ಮುಟ್ಟು, ಅದಕ್ಕೆ ಮುಂಚೆ ಬೇಡ ಅಂದಿದ್ದ.

"ಹೋದ ವಾರ ಹಾಲ್‌ಸ್ಟೆಡ್‌ನ ಅಂಗಡಿಗೆ ಹೋದೆ," ಎಂದಳು. ಧ್ವನಿ ಏರಲಿಲ್ಲ. ಗಂಟು ಕಟ್ಟಿದ ಬೆರಳು ಮಾತ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು. "ಪಟ್ಟಿ ಕೊಳೀತಿದೆ, ತೆಗೆದುಬಿಡಪ್ಪಾ ಅಂದೆ. ಒಂದು ಹಾಡು ನುಡಿಸ್ಲಾ ಅಂದೆ. ಅವನು ನನ್ನ ಕೋಟು ನೋಡ್ದ, ಬೂಟು ನೋಡ್ದ. ಕೊಳ್ಳೋದಾದ್ರೆ ಮುಟ್ಟಿ ಅಜ್ಜಿ ಅಂದ. ಅವನ ವಯಸ್ಸಿಗಿಂತ ಹೆಚ್ಚು ಕಾಲ ಅದು ನನ್ನ ಮಡಿಲಲ್ಲಿತ್ತು. ಮತ್ತೆ ಮಂಗಳವಾರ ಕಿಟಕೀಲಿ ನೋಡ್ತೀನಿ, ನನ್ನ ತೋಳಿನ ಜಾಗ ಉಜ್ತಿದಾನೆ. ಅವನು ಊಟಕ್ಕೆ ಹೋಗೋವರೆಗೆ ಬಸ್ ನಿಲ್ದಾಣದಲ್ಲಿ ಕಾದೆ."

"ಸ್ಕ್ರೂಡ್ರೈವರ್?"

"ಕೈಚೀಲದಲ್ಲಿ ಯಾವಾಗ್ಲೂ ಇರುತ್ತೆ. ಬೈಬಲ್ ಪಕ್ಕ."

ವೇಡ್ ಹೇಳಿಕೆಯನ್ನು ಬರೆದುಕೊಂಡಳು. ಕಳ್ಳತನದ ಪ್ರಕರಣ, ಆರೋಪಿಯ ವಯಸ್ಸು ಐವತ್ತಾರು, ಹಿಂದಿನ ಯಾವ ಆರೋಪವೂ ಇಲ್ಲ. ಪ್ರೇರಣೆ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಳು. ಮುಟ್ಟಗೊಡಲಿಲ್ಲ, ಎಂದು ಬರೆ ಎಂದ ಪ್ರೂಯಿಟ್.

ಶುಕ್ರವಾರ ಹತ್ತು ಗಂಟೆಗೆ ಹಾಲ್‌ಸ್ಟೆಡ್ ಬಂದ. ಕೊರಳಲ್ಲಿ ಕ್ಯಾಮೆರಾ, ಮುಖದಲ್ಲಿ ನಗು. ಗಿಟಾರ್ ಬಿಡಿಸಿಕೊಳ್ಳುವ ಕಾಗದಕ್ಕೆ ಸಹಿ ಹಾಕಿ, ಅದನ್ನು ಎತ್ತಿಕೊಂಡು ನೇರ ಅರ್ಲೀನ್ ಇದ್ದ ವಿಚಾರಣೆಯ ಕೋಣೆಗೆ ಬಂದ.

"ಸಾರ್ಜೆಂಟ್, ಒಳ್ಳೇ ಸುದ್ದಿ. ಟಲ್ಸಾದವನನ್ನ ಬಿಟ್ಟೆ. ಷಿಕಾಗೋದಲ್ಲಿ ಒಬ್ಬರಿಗೆ, ಹೇಳಿಕೇಲಿರೋ ಕತೆ ಹೇಳ್ದೆ. ಚರ್ಚು, ಮೀನು, ತೋಳಿನ ಗುರುತು, ಎಲ್ಲಾ. ಉಜ್ಜಬೇಡಿ, ಸವೆದದ್ದೇ ಬೇಕು, ದುಡ್ಡು ಜಾಸ್ತಿ ಕೊಡ್ತೀವಿ ಅಂದ್ರು. ಕೆರೆದದ್ದಕ್ಕೂ ಕತೆ ಇದೆಯಲ್ಲ ಈಗ!" ಅವನು ಅರ್ಲೀನ್ ಕಡೆ ತಿರುಗಿದ. "ಅಮ್ಮಾ, ನಂದು ಒಂದೇ ಕೋರಿಕೆ. ಇದನ್ನ ಮಡಿಲಲ್ಲಿ ಇಟ್ಕೊಳ್ಳಿ, ನುಡಿಸೋ ಹಾಗೆ ಕೈ ಇಡಿ. ಒಂದು ಫೋಟೊ. ಕೆಳಗೆ ನಿಮ್ಮ ಸಹಿ. ದೂರು ಇವತ್ತೇ ವಾಪಸ್ ತಗೋತೀನಿ. ಬೇಕಾದ್ರೆ ಒಂದು ಹಾಡೂ ನುಡಿಸಿ."

ಗಿಟಾರನ್ನು ಆಕೆಯ ಮುಂದೆ ಚಾಚಿ ಹಿಡಿದ.

ಪ್ರೂಯಿಟ್‌ಗೆ ಅವನನ್ನು ಕತ್ತು ಹಿಡಿದು ಹೊರಗೆ ತಳ್ಳುವ ಆಸೆ ಬಂತು. ಆದರೆ ಆಕೆ ಇಲ್ಲವೆಂದರೆ ಮಂಗಳವಾರ ನ್ಯಾಯಾಲಯ, ಆಮೇಲೆ ಬಹುಶಃ ಜೈಲು. ಅವನು ಸಿಟ್ಟು ನುಂಗಿಕೊಂಡು ಮೇಜಿನ ಮೇಲೆ ಬಗ್ಗಿದ. "ಮದರ್ ಕಾಬ್, ಒಂದು ನಿಮಿಷದ ಕೆಲಸ. ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀರಿ. ದಯವಿಟ್ಟು."

ಅರ್ಲೀನ್ ಕಾಬ್ ಗಿಟಾರನ್ನು ನೋಡಿದಳು. ಲಂಗದ ಮೇಲೆ ಅವಳ ಎಡಗೈ ಬೆರಳುಗಳು ತಾವಾಗಿಯೇ ಒಂದು ಸ್ವರದಿಂದ ಇನ್ನೊಂದಕ್ಕೆ ಸರಿದವು. ಅದನ್ನು ತಾನೇ ಗಮನಿಸಿದಂತೆ ಬಲಗೈಯಿಂದ ಎಡಗೈಯನ್ನು ಅದುಮಿ ಹಿಡಿದಳು.

"ಇಲ್ಲ," ಎಂದಳು. "ನಾನು ಮುಟ್ಟಲ್ಲ."