ಹೊಸ್ತಿಲಲ್ಲಿ ಉಳಿದ ಹೆಸರು

ಬಳ್ಳಾರಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ಸಿರುಗುಪ್ಪದ ಕಡೆ ಇನ್ನೂ ಎತ್ತಿನ ಬಂಡಿಯೇ ಗತಿ. ಅಂಥ ಬಂಡಿಯಿಂದ ಇಳಿದ ಮದುಮಕ್ಕಳ ಮುಂದೆ, ಹೊಸ್ತಿಲ ಮೇಲೆ, ಅಕ್ಕಿ ತುಂಬಿದ ಸೇರು ಕಾಯುತ್ತಿತ್ತು. ಒಬ್ಬರ ಹೆಸರನ್ನೊಬ್ಬರು ಒಡಪಿನಲ್ಲಿ ಕಟ್ಟಿ ಹೇಳದೆ ಒಳಗೆ ಕಾಲಿಡುವ ಹಾಗಿಲ್ಲ. ಮದುಮಗನ ಅಕ್ಕ ಗಾದೆಮ್ಮ ಬಾಗಿಲಿಗೆ ಕೈ ಅಡ್ಡ ಕೊಟ್ಟು ನಿಂತಿದ್ದಳು.

ಕುರುಗೋಡಿನ ಹುಡುಗಿ ಸಾವಂತ್ರಮ್ಮ ತಲೆ ತಗ್ಗಿಸಿ, ಭತ್ತದ ತೆನೆ, ಕಾಲುವೆಯ ನೀರು ಎಲ್ಲ ಸೇರಿಸಿದ ಒಡಪಿನ ಕೊನೆಗೆ ಉಚ್ಚೆಂಗೆಪ್ಪ ಎಂದಳು. ಹೆಂಗಸರು ನಕ್ಕರು. ಇನ್ನು ಅವನ ಸರದಿ.

ಅವನು ಬಾಯಿ ತೆರೆಯಲಿಲ್ಲ. ಪೇಟದ ಚುಂಗನ್ನು ದವಡೆಗೆ ಒತ್ತಿ ಹಿಡಿದು ನೆಲ ನೋಡುತ್ತ ನಿಂತ. ಗಾದೆಮ್ಮ ರೇಗಿಸಿದಳು, ಬೈದಳು, ಕೊನೆಗೆ ಸಾಕಾಗಿ ಕೈ ಇಳಿಸಿದಳು. ಹಿಂದಿನಿಂದ ಯಾರೋ ಅಂದರು:

“ಆ ಮಾರಿ ನೋಡಿದ ಮ್ಯಾಲೆ ಹೆಸರು ಹೆಂಗ ಬಂದೀತು?”

ಸಾವಂತ್ರಮ್ಮನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಅವು ಚಿಕ್ಕಂದಿನವು, ಅವಳಿಗೆ ಒಗ್ಗಿಹೋಗಿದ್ದವು. ಆ ದಿನ ಮಾತ್ರ ಒಂದೊಂದೂ ಹೊಸದಾಗಿ ಉರಿಯಿತು.

ಆಮೇಲೆ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೇ ಓಡಾಡಿದಳು. ಅವನು ಊಟಕ್ಕೆ ಬೇರೆ ಕೂತ, ಬೇರೆ ಮಲಗಿದ. ಆದರೆ ಅವಳು ಏಳುವ ಮೊದಲೇ ಕೊಡಗಳು ತುಂಬಿರುತ್ತಿದ್ದವು. ಎತ್ತಿನ ಬೆನ್ನಿನಾಚೆಯಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳು ತಿರುಗಿದರೆ ಚುಂಗು ಮೇಲೇರುತ್ತಿತ್ತು, ಕಣ್ಣು ಎತ್ತಿನ ಕಡೆ ಹೋಗುತ್ತಿದ್ದವು. ಕನಿಕರ ಇರಬೇಕು ಎಂದುಕೊಂಡು ಅವಳು ಇನ್ನಷ್ಟು ಕುಗ್ಗಿದಳು.

ಒಂದು ಮಧ್ಯಾಹ್ನ ಗದ್ದೆಗೆ ಮಜ್ಜಿಗೆ ಒಯ್ದಳು. ಉಚ್ಚೆಂಗೆಪ್ಪ ಕಾಲುವೆಯ ದಂಡೆಯಲ್ಲಿ ಮಂಡಿಯೂರಿ ಬಾಯಿ ಮುಕ್ಕಳಿಸುತ್ತಿದ್ದ. ಪೇಟ ಪಕ್ಕದಲ್ಲಿತ್ತು. ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಬಾವು, ಅದರ ತುದಿಯಲ್ಲಿ ಕೀವು. ಅವಳನ್ನು ಕಂಡೊಡನೆ ಎರಡೂ ಕೈಯಿಂದ ಮುಚ್ಚಿಕೊಂಡ.

“ಹತ್ರ ಬರಬ್ಯಾಡ. ನಾತ ಐತಿ.”

“ಮದಿವಿ ದಿನಾನೂ ಇತ್ತೇನ್ರಿ?”

ಹೌದೆಂದು ತಲೆಯಾಡಿಸಿದ. ನೀರು ನೋಡುತ್ತಲೇ, ತಡೆದು ತಡೆದು ಹೇಳಿದ. ಹೊಸ್ತಿಲಲ್ಲಿ ಬಾಯಿ ತೆರೆದಿದ್ದರೆ ನಾಲ್ಕು ಮಂದಿ ಮೂಗು ಮುಚ್ಚುತ್ತಿದ್ದರು, ಅವಳು ಅದೇ ಬಂಡಿ ಹತ್ತಿ ತವರಿಗೆ ಹೋಗುತ್ತಿದ್ದಳು ಎಂದು ಅಂಜಿದ್ದನಂತೆ.

ಸಾವಂತ್ರಮ್ಮ ಮಜ್ಜಿಗೆಯ ಗಡಿಗೆಯನ್ನು ದಂಡೆಯ ಮೇಲಿಟ್ಟಳು. “ನನ್ನ ಮಾರಿ ನೋಡಿ ಹೇಸಿದ್ರಿ ಅಂತ ತಿಳ್ಕೊಂಡಿದ್ದೆ.”

ಅವನು ಅರ್ಥವಾಗದೆ ಅವಳನ್ನು ನೋಡಿದ. “ನಿನ್ನ ಮಾರಿಗೆ ಏನಾಗೈತಿ?”

ದಿನವೂ ಒಲೆಯ ಮುಂದೆ ಈ ಮನುಷ್ಯನಿಗೆ ಶಾಪ ಹಾಕಿದ್ದು ನೆನಪಾಗಿ ಅವಳಿಗೆ ತಲೆ ಎತ್ತಲಾಗಲಿಲ್ಲ.

ಕುರುಗೋಡಿನಲ್ಲಿ ಹಲ್ಲು ಕೀಳುವ ಜಂಬಣ್ಣನಿದ್ದ. ಮದುವೆಯಾದ ಹೊಸದರಲ್ಲೇ, ಮುಖ ಮುಚ್ಚಿಕೊಂಡ ಗಂಡನ ಜೊತೆ ತವರಿನ ಓಣಿಯಲ್ಲಿ ಇಳಿದವಳನ್ನು ಜನ ಇಣುಕಿ ನೋಡಿದರು. ಜಂಬಣ್ಣ ಬಾವು ಮುಟ್ಟಿ ನೋಡಿ ಇಕ್ಕಳವನ್ನು ಚೀಲಕ್ಕೆ ಹಾಕಿಬಿಟ್ಟ.

“ಇದು ಬರೇ ಹಲ್ಲಿಂದಲ್ಲವ್ವಾ, ಎಲುಬಿಗೆ ಇಳದೈತಿ. ಬಳ್ಳಾರಿ ದಂಡಿನ್ಯಾಗ ಸಿಪಾಯಿಗಳ ಮುರಿದ ದವಡಿ ಕೂಡ್ಸೋ ಡಾಕ್ಟರ್ ಅದಾನಂತ, ಹುಡುಕ್ರಿ. ನಂಜು ಕುತ್ತಿಗಿಗೆ ಇಳದ್ರ ಮನುಷ್ಯಾ ಉಳಿಯಂಗಿಲ್ಲ.”

ಬಳ್ಳಾರಿಯಲ್ಲಿ ಒಬ್ಬರು ಹಕೀಮನ ಮನೆ ತೋರಿಸಿದರು, ಇನ್ನೊಬ್ಬರು ಕಣ್ಣಿನ ವೈದ್ಯನ ಹತ್ತಿರ ಕಳಿಸಿದರು. ಯಾರ ಮುಂದೆಯೂ ಅವನು ಪೇಟ ಸರಿಸಲಿಲ್ಲ. ಎಂದೂ ಪರಗಂಡಸರೊಡನೆ ಮಾತಾಡದವಳು ದಂಡಿನ ಪಕ್ಕದ ಕೌಲ್ ಬಜಾರದ ಅಂಗಡಿ ಅಂಗಡಿಯ ಮುಂದೆ ನಿಂತು, ಅರ್ಧ ತೆಲುಗಿನಲ್ಲಿ ದವಡೆಯ ಡಾಕ್ಟರನ್ನು ಕೇಳಿದಳು. ಕೊನೆಗೆ ಒಬ್ಬ ಪಿಂಚಣಿ ಸಿಪಾಯಿ, ಅದೇ ಡಾಕ್ಟರು ಹೊಲಿದ ತನ್ನ ಗದ್ದ ತೋರಿಸಿ, ದಾರಿ ಹೇಳಿದ.

ಡಾಕ್ಟರು ತಾವೇ ಚುಂಗು ಸರಿಸಿ ಬಾವು ನೋಡಿ, ಇವತ್ತೇ ಕೊಯ್ಯಬೇಕು ಎಂದರು. ಕಂಪೌಂಡರ್ ಹೆಂಗಸರು ಹೊರಗಿರಲಿ ಎಂದ. ಉಚ್ಚೆಂಗೆಪ್ಪನೂ ಕೈಸನ್ನೆ ಮಾಡಿದ, ಹೋಗು ಎಂದು. ಸಾವಂತ್ರಮ್ಮ ಹೋಗಲಿಲ್ಲ. ಅವನ ತಲೆಯನ್ನು ತನ್ನ ಮಡಿಲಿಗೆ ಒತ್ತಿ ಹಿಡಿದಳು.

ಪೇಟ ಪೂರ್ತಿ ಬಿಚ್ಚಿದಾಗ ಅವನು ನಾಚಿಕೆಯಿಂದ ಕಣ್ಣು ಮುಚ್ಚಿದ. ಕೀವು ಹರಿಯಿತು, ಕೊಳೆತ ಹಲ್ಲು ಬಂತು, ಎಲುಬಿನ ಚೂರೂ ಬಂತು. ಅವಳ ಕೈ ಒಮ್ಮೆಯೂ ಅವನ ತಲೆ ಬಿಟ್ಟು, ಮೂಗು ಮುಚ್ಚಲು ಸೆರಗಿಗೆ ಹೋಗಲಿಲ್ಲ. ಅದು ಅವನಿಗೆ ಮುಚ್ಚಿದ ಕಣ್ಣಿನಲ್ಲೇ ತಿಳಿಯಿತು.

ಗಾಯ ಮಾಗಿದ ಮೇಲೆ ಊರಿಗೆ ಹೊರಟರು. ದಾರಿಯಲ್ಲಿ ಸಿಗುವ ಮೋಕ ಎಂಬ ಊರಲ್ಲಿ ಬಂಡಿ ನಿಲ್ಲಿಸಿ ಅವನು ರೊಟ್ಟಿ ಅಗಿದು ತಿಂದ. ಅವಳು ನೋಡುತ್ತಿದ್ದಳು, ಸೆರಗು ಹೆಗಲ ಮೇಲಿತ್ತು.

ಸಿರುಗುಪ್ಪದಲ್ಲಿ ಸಾವಂತ್ರಮ್ಮ ಮೊದಲು ಇಳಿದು ಒಳಗೆ ಹೋದಳು. ಸೇರಿಗೆ ಅಕ್ಕಿ ತುಂಬಿ ಹೊಸ್ತಿಲ ಮೇಲಿಟ್ಟು, ಬಾಗಿಲಿಗೆ ಕೈ ಅಡ್ಡ ಕೊಟ್ಟು ನಿಂತಳು. ಗಾದೆಮ್ಮ ಒಳಗಿನಿಂದ ಇಣುಕಿದಳು. ಎದುರು ಕಟ್ಟೆಯವರು ಇತ್ತ ತಿರುಗಿ ಕೂತರು.

“ಒಡಪು ನನಗ ಬರಂಗಿಲ್ಲ,” ಎಂದ ಉಚ್ಚೆಂಗೆಪ್ಪ. ಅವನ ಕಿವಿಗಳು ಕೆಂಪಾಗಿದ್ದವು.

“ಹಂಗಾರ ಬರೇ ಹೆಸರು ಹೇಳ್ರಿ.”

“ಸಾವಂತ್ರಿ.”

“ಕೇಳಿಸಲಿಲ್ಲ.”

ಅವನು ಪೇಟದ ಚುಂಗನ್ನು ಹಿಂದಕ್ಕೆ ಎಸೆದು ಹತ್ತಿರ ಬಂದ, ಉಸಿರು ತಾಗುವಷ್ಟು ಹತ್ತಿರ. ಮತ್ತೆ ಹೇಳಿದ. ಉಸಿರಿನಲ್ಲಿ ಲವಂಗದ ವಾಸನೆಯಿತ್ತು.

ಅವಳು ಮುಖ ತಿರುಗಿಸಲಿಲ್ಲ. ಬಾಗಿಲಿನ ಕೈ ಇಳಿಸುವುದನ್ನೂ ಮರೆತು ನಿಂತಳು.